ಪ್ರಶ್ನೋತ್ತರ: ಹಾಲು, ಮೊಟ್ಟೆ, ಮೀನು – ಗುಣಮಟ್ಟ ಕೆಟ್ಟಾಗ ಮೇವಿನಲ್ಲಿ ಎಲ್ಲಿ ಹುಡುಕಬೇಕು?

ಈ ವಾರ ಗುಂಪಿನಲ್ಲಿ ಬಂದ ಪ್ರಶ್ನೆಗಳಿಗೆ ಪಶು ಆಹಾರ ತಜ್ಞೆ ಮತ್ತು ಮೀನು ಆಹಾರ ತಜ್ಞ ಇಬ್ಬರೂ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, 450 ಕೆ.ಜಿ. ತೂಕದ ಹಸು, ದಿನಕ್ಕೆ 16 ಲೀಟರ್ ಹಾಲು. ಇನ್ನೂ ಹೆಚ್ಚಲಿ ಎಂದು ಪಶು ಆಹಾರವನ್ನು (ಕಾಳು, ಹಿಂಡಿ, ತೌಡಿನ ಮಿಶ್ರಣ) 6 ಕೆ.ಜಿ.ಯಿಂದ 9 ಕೆ.ಜಿ.ಗೆ ಏರಿಸಿದೆ. ಹಸಿರು ಮೇವು 20 ಕೆ.ಜಿ., ಒಣಹುಲ್ಲು 2 ಕೆ.ಜಿ. ಹಾಲು ಅರ್ಧ ಲೀಟರ್ ಏರಿತು, ಆದರೆ ಫ್ಯಾಟ್ 4.0ರಿಂದ 2.9ಕ್ಕೆ ಇಳಿದಿದೆ. ಸಗಣಿಯೂ ತೆಳ್ಳಗಿದೆ. ಫ್ಯಾಟ್ ಏರಿಸಲು ಏನು ಸೇರಿಸಬೇಕು?

ಉತ್ತರ (ಪಶು ಆಹಾರ ತಜ್ಞೆ): ಸೇರಿಸುವುದು ಬೇಡ, ಮೊದಲು ತೆಗೆಯಬೇಕು. ಲೆಕ್ಕ ನೋಡಿ. ನೀರಿನಂಶ ಕಳೆದರೆ 9 ಕೆ.ಜಿ. ಪಶು ಆಹಾರದಲ್ಲಿ ಸುಮಾರು 8.1 ಕೆ.ಜಿ. ಒಣಾಂಶ, 20 ಕೆ.ಜಿ. ಹಸಿರು ಮೇವಿನಲ್ಲಿ 4 ಕೆ.ಜಿ., ಒಣಹುಲ್ಲಿನಲ್ಲಿ 1.8 ಕೆ.ಜಿ. ಒಟ್ಟು 13.9ರಲ್ಲಿ ಪಶು ಆಹಾರದ ಪಾಲೇ ಶೇ. 58. ಮೇವಿನ ಪಾಲು ಶೇ. 40ರ ಹತ್ತಿರಕ್ಕೆ ಕುಸಿದಾಗ ಹಾಲಿನ ಕೊಬ್ಬು ಕೈಕೊಡುತ್ತದೆ. ನಾರು ಹುಳಿತಾಗ ಹುಟ್ಟುವ ಅಸಿಟೇಟ್‌ನಿಂದ ಕೆಚ್ಚಲು ಕೊಬ್ಬು ಕಟ್ಟುತ್ತದೆ. ಪಿಷ್ಟ ಹೆಚ್ಚಾದರೆ ಅಸಿಟೇಟ್ ಪಾಲು ಇಳಿಯುತ್ತದೆ, ಮೆಲುಕು ಕಡಿಮೆಯಾಗಿ ಜೊಲ್ಲು ಕಡಿಮೆಯಾಗುತ್ತದೆ, ಹುಳಿಯನ್ನು ತಗ್ಗಿಸುವವರು ಇಲ್ಲವಾಗಿ ರೂಮೆನ್‌ನ (ಹಸುವಿನ ಮೊದಲ ಹೊಟ್ಟೆಯ) ಪಿಎಚ್ 5.8ಕ್ಕಿಂತ ಕೆಳಗೆ ಹೋಗುತ್ತದೆ. ತೆಳು ಸಗಣಿ ಅದರದ್ದೇ ಗುರುತು. ಹೀಗೇ ಬಿಟ್ಟರೆ ಮುಂದೆ ಗೊರಸಿನ ನೋವೂ ಬರುತ್ತದೆ.

ಪಶು ಆಹಾರವನ್ನು ಐದಾರು ದಿನದಲ್ಲಿ 6.5 ಕೆ.ಜಿ.ಗೆ ಇಳಿಸಿ. ಹಸಿರು ಮೇವು 25 ಕೆ.ಜಿ., ಒಣಹುಲ್ಲು 4 ಕೆ.ಜಿ. ಮಾಡಿ. ಆಗ ಪಶು ಆಹಾರದ ಪಾಲು ಸುಮಾರು ಶೇ. 40ಕ್ಕೆ ಬರುತ್ತದೆ. ಪ್ರತಿ 2.5 ಲೀಟರ್ ಹಾಲಿಗೆ 1 ಕೆ.ಜಿ. ಎಂಬ ಲೆಕ್ಕದಲ್ಲಿ 16 ಲೀಟರ್‌ಗೆ ಇದು ಸಾಕು. ಅದನ್ನೂ ಎರಡೇ ಹೊತ್ತಿಗೆ ಸುರಿಯಬೇಡಿ. ನಾಲ್ಕು ಸಲ ಹಂಚಿ, ಒಂದು ಸಲಕ್ಕೆ 2 ಕೆ.ಜಿ. ದಾಟದಿರಲಿ. ಮೊದಲು ಹುಲ್ಲು, ಆಮೇಲೆ ಪಶು ಆಹಾರ. ಅಡುಗೆ ಸೋಡಾ ದಿನಕ್ಕೆ 100–150 ಗ್ರಾಂ ಆಹಾರದಲ್ಲಿ ಬೆರೆಸಿ ಕೊಡಬಹುದು. ಆದರೆ ಅದು ಆಸರೆಯಷ್ಟೇ, ನಾರಿನ ಜಾಗ ತುಂಬುವುದಿಲ್ಲ.

ಹುಲ್ಲು ಕತ್ತರಿಸುವ ಯಂತ್ರವನ್ನೂ ನೋಡಿ. 2–4 ಸೆಂ.ಮೀ. ಉದ್ದ ಇರಬೇಕು. ಪುಡಿಯಂತೆ ಕತ್ತರಿಸಿದ ಹುಲ್ಲು ಲೆಕ್ಕದಲ್ಲಿ ನಾರಾದರೂ ಮೆಲುಕು ಹಾಕಿಸುವುದಿಲ್ಲ. ಮಲಗಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು, ಒಂದು ಉಂಡೆಯನ್ನು 50–60 ಸಲ ಅಗಿಯಬೇಕು. ಯಾವ ಪರೀಕ್ಷೆಗೂ ಮುಂಚೆ ಇದನ್ನು ಎಣಿಸಿ ನೋಡಿ. ಫ್ಯಾಟ್ ಮೇಲೆ ಬರಲು 2–3 ವಾರ ಬೇಕು, ನಾಲ್ಕು ದಿನಕ್ಕೇ ಕಾಣಲಿಲ್ಲವೆಂದು ಮತ್ತೆ ಬದಲಿಸಬೇಡಿ.

ಅದಕ್ಕೇ ಮರುಪ್ರಶ್ನೆ: ದಿನಕ್ಕೆ 300 ಮಿ.ಲೀ. ಅಡುಗೆ ಎಣ್ಣೆ ಕುಡಿಸಿದರೆ ಫ್ಯಾಟ್ ಏರುತ್ತದೆ ಎನ್ನುತ್ತಾರಲ್ಲ?

ಉತ್ತರ: ಈ ಹಸುವಿಗೆ ಅದು ಉಲ್ಟಾ ಹೊಡೆಯುತ್ತದೆ. ಸೋಯಾ, ಸೂರ್ಯಕಾಂತಿ, ಮೆಕ್ಕೆಜೋಳದ ಎಣ್ಣೆಗಳು ರೂಮೆನ್‌ನಲ್ಲಿ ನಾರು ಒಡೆಯುವ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತವೆ. ಹುಳಿಯೇರಿದ ರೂಮೆನ್‌ನಲ್ಲಿ ಇವೇ ಎಣ್ಣೆಗಳಿಂದ ಟ್ರಾನ್ಸ್-10, ಸಿಸ್-12 ಎಂಬ ರೂಪದ ಲಿನೋಲಿಕ್ ಆಮ್ಲ ಹುಟ್ಟಿ ಕೆಚ್ಚಲಿಗೆ ಹೋಗುತ್ತದೆ. ದಿನಕ್ಕೆ ಕೆಲವೇ ಗ್ರಾಂ ಇದ್ದರೂ ಅಲ್ಲಿ ಕೊಬ್ಬು ಕಟ್ಟುವ ಕಿಣ್ವಗಳನ್ನು ತಗ್ಗಿಸಿಬಿಡುತ್ತದೆ. ಒಟ್ಟು ಆಹಾರದ ಒಣಾಂಶದಲ್ಲಿ ಕೊಬ್ಬು ಶೇ. 6 ದಾಟಬಾರದು, ಎಣ್ಣೆ ತೆಗೆಯದ ತೌಡು, ಎಣ್ಣೆಕಾಳುಗಳಲ್ಲಿರುವುದೂ ಇದರ ಲೆಕ್ಕಕ್ಕೇ ಸೇರುತ್ತದೆ. ಕರು ಹಾಕಿದ ಹೊಸದರಲ್ಲಿ ಹಸು ಸೊರಗುತ್ತಿದ್ದರೆ ಬೈಪಾಸ್ ಫ್ಯಾಟ್ 100–200 ಗ್ರಾಂ ಕೊಡಬಹುದು. ಅದು ರೂಮೆನ್‌ನಲ್ಲಿ ಕರಗದೆ ಮುಂದೆ ಸಾಗುತ್ತದೆ. ಮತ್ತೊಂದು ಮಾತು: ಮಾದರಿ ತೆಗೆಯುವಾಗ ಇಡೀ ಹಾಲನ್ನು ಚೆನ್ನಾಗಿ ಕಲಕಿ. ಮೊದಲು ಕರೆದ ಹಾಲಿನಲ್ಲಿ ಕೊಬ್ಬು ತೀರಾ ಕಡಿಮೆ, ಕೊನೆಯ ಹಾಲಿನಲ್ಲಿ ಅದರ ಎಷ್ಟೋ ಪಟ್ಟು. ಪೂರ್ತಿ ಕರೆಯದೆ ಬಿಟ್ಟರೂ ಫ್ಯಾಟ್ ಕಡಿಮೆ ಬರುತ್ತದೆ.

ಪ್ರಶ್ನೆ: ಹಾಲಿಗೆ ರಸಮೇವಿನ (ಗುಂಡಿಯಲ್ಲಿ ತುಂಬಿ ಹುದುಗಿಸಿದ ಹಸಿರು ಮೇವಿನ) ವಾಸನೆ ಬರುತ್ತಿದೆ.

ಉತ್ತರ: ಕರೆಯುವ ಮುನ್ನ ಕೊಡುತ್ತಿದ್ದೀರಿ. ಆ ವಾಸನೆ ಉಸಿರಿನಿಂದ ರಕ್ತಕ್ಕೆ, ರಕ್ತದಿಂದ ಹಾಲಿಗೆ ಅರ್ಧ ಗಂಟೆಯೊಳಗೆ ಸೇರುತ್ತದೆ. ಕರೆದ ಮೇಲೆ ಕೊಡಿ, ಕರೆಯುವ ಜಾಗದಲ್ಲಿ ರಸಮೇವಿನ ರಾಶಿ ಇಡಬೇಡಿ. ಬೆಣ್ಣೆ ಹಳಸಿದ ವಾಸನೆ ಇದ್ದರೆ ಮಾತ್ರ ಗುಂಡಿಯೇ ಕೆಟ್ಟಿದೆ ಎಂದು ತಿಳಿಯಿರಿ. ಮೇವನ್ನು ತೀರಾ ಹಸಿಯಾಗಿ ತುಂಬಿದಾಗ ಹೀಗಾಗುತ್ತದೆ, ಒಣಾಂಶ ಶೇ. 30–35 ಇರುವಾಗ ತುಂಬಬೇಕು.

ಪ್ರಶ್ನೆ: ಕಡಲೆಕಾಯಿ ಹಿಂಡಿಗೆ ಒಂದು ಬದಿಯಲ್ಲಿ ಬೂಷ್ಟು ಬಂದಿದೆ. ಬಿಸಿಲಲ್ಲಿ ಒಣಗಿಸಿ, ಬೂಷ್ಟು ಉಜ್ಜಿ ಕೊಡಬಹುದೇ? ಹಾಲನ್ನು ಹೇಗೂ ಕಾಯಿಸಿಯೇ ಕುಡಿಯುತ್ತೇವೆ.

ಉತ್ತರ: ದಯವಿಟ್ಟು ಕೊಡಬೇಡಿ. ಬಿಸಿಲಿಗೆ ಶಿಲೀಂಧ್ರ ಸಾಯಬಹುದು, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ವಿಷ ಹಾಗೇ ಉಳಿಯುತ್ತದೆ. ಹಸು ತಿಂದ ಬಿ1 ವಿಷದಲ್ಲಿ ಸಾಮಾನ್ಯವಾಗಿ ಶೇ. 1–2, ಹೆಚ್ಚು ಹಾಲಿನ ಹಸುಗಳಲ್ಲಿ ಶೇ. 6ರವರೆಗೆ, ಎಂ1 ಎಂಬ ರೂಪದಲ್ಲಿ ಒಂದೇ ದಿನದೊಳಗೆ ಹಾಲಿಗೆ ಬರುತ್ತದೆ. ಕಾಯಿಸಿದರೂ, ಹೆಪ್ಪು ಹಾಕಿದರೂ ಹೋಗುವುದಿಲ್ಲ. ಪ್ರಮಾಣ ಎಷ್ಟು ಸಣ್ಣದು ನೋಡಿ: ಕೆ.ಜಿ.ಗೆ 100 ಮೈಕ್ರೋಗ್ರಾಂ ವಿಷವಿರುವ ಹಿಂಡಿಯನ್ನು 3 ಕೆ.ಜಿ. ತಿಂದರೆ 300 ಮೈಕ್ರೋಗ್ರಾಂ ಒಳಗೆ ಹೋಯಿತು. ಅದರ ಶೇ. 2 ಎಂದರೆ 6. ಹಾಲು 12 ಲೀಟರ್ ಆದರೆ ಲೀಟರಿಗೆ 0.5 ಮೈಕ್ರೋಗ್ರಾಂ. ಹಾಲಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ) ಹಾಕಿರುವ ಮಿತಿಯೇ ಕೆ.ಜಿ.ಗೆ 0.5. ಯುರೋಪಿನ ಒಕ್ಕೂಟದ ಮಿತಿ 0.05, ಅಂದರೆ ಇದರ ಹತ್ತನೇ ಒಂದು ಪಾಲು. ಹಸು ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ, ಹಾಲು ಕುಡಿಯುವ ಮಗುವಿಗೆ ವಿಷ ಹೋಗುತ್ತಿರುತ್ತದೆ.

ಇಡೀ ಚೀಲ ಪಕ್ಕಕ್ಕಿಡಿ. ಬೂಷ್ಟು ಕಾಣದ ಭಾಗದಲ್ಲೂ ವಿಷ ಇರಬಹುದು. ನಿಲ್ಲಿಸಿದ ಮೇಲೆ ಹಾಲಿನಲ್ಲಿ ಅದು ಇಳಿಯಲು 3–5 ದಿನ ಸಾಕು. ಬೆಂಟೊನೈಟ್‌ನಂಥ ಜೇಡಿ ಪುಡಿಗಳು ವಿಷವನ್ನು ಸ್ವಲ್ಪ ಹಿಡಿದಿಡುತ್ತವೆ. ಕೆಟ್ಟ ಹಿಂಡಿ ಕೊಡಲು ಅದು ಪರವಾನಗಿಯಲ್ಲ. ಮುಂದಕ್ಕೆ, ಚೀಲಗಳನ್ನು ನೆಲದಿಂದ 15 ಸೆಂ.ಮೀ. ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಕಾಳಿನ ತೇವಾಂಶ ಶೇ. 12ಕ್ಕಿಂತ ಕಡಿಮೆ ಇರಲಿ. ಬಿಸಿ ಆರದ ಹಿಂಡಿಯನ್ನು ಚೀಲಕ್ಕೆ ತುಂಬಿದರೆ ಒಳಗೇ ಬೆವತು ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: 60 ವಾರದ ಮೊಟ್ಟೆ ಕೋಳಿಗಳು. ಸೆಕೆ ಶುರುವಾದ ಮೇಲೆ ಚಿಪ್ಪು ತೆಳುವಾಗಿ ಒಡೆಯುತ್ತಿದೆ. ಆಹಾರದಲ್ಲಿ ಕ್ಯಾಲ್ಸಿಯಂ ಶೇ. 3.8 ಇದೆ, ಅದು ಸರಿಯಾದ ಪ್ರಮಾಣವೇ ತಾನೇ?

ಉತ್ತರ (ಪಶು ಆಹಾರ ತಜ್ಞೆ): ಶೇಕಡಾವಾರು ಸರಿ ಇದೆ, ಕೋಳಿಯ ಹೊಟ್ಟೆಗೆ ಹೋಗುವ ಗ್ರಾಂ ಸರಿ ಇಲ್ಲ. ಒಂದು ಚಿಪ್ಪಿನಲ್ಲಿ ಸುಮಾರು 2.2 ಗ್ರಾಂ ಕ್ಯಾಲ್ಸಿಯಂ. ತಿಂದದ್ದರಲ್ಲಿ ಅರ್ಧದಷ್ಟೇ ಮೈಗೆ ಹತ್ತುವುದರಿಂದ ದಿನಕ್ಕೆ 4 ಗ್ರಾಂಗಿಂತ ಹೆಚ್ಚು ಬೇಕು. 110 ಗ್ರಾಂ ತಿನ್ನುವಾಗ 4.2 ಗ್ರಾಂ ಸಿಗುತ್ತಿತ್ತು. ಸೆಕೆಗೆ 95 ಗ್ರಾಂಗೆ ಇಳಿದರೆ ಸಿಗುವುದು 3.6. ಜೊತೆಗೆ ಕೋಳಿ ಏದುಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಚಿಪ್ಪು ಕಟ್ಟಲು ಬೇಕಾದ ಬೈಕಾರ್ಬೊನೇಟ್ ಕಡಿಮೆಯಾಗುತ್ತದೆ.

ಸೆಕೆ ಇರುವಷ್ಟು ದಿನ ಕ್ಯಾಲ್ಸಿಯಂ ಅನ್ನು ಶೇ. 4.2–4.4ಕ್ಕೆ ಏರಿಸಿ. ಅದಕ್ಕಿಂತ ಮುಖ್ಯ, ಸುಣ್ಣಕಲ್ಲಿನ ಮೂರರಲ್ಲಿ ಎರಡು ಪಾಲು 2–4 ಮಿ.ಮೀ. ಹರಳಾಗಿರಲಿ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ. ಪುಡಿ ಬೇಗ ಕರಗಿ ಹೋಗುತ್ತದೆ, ಹರಳು ಜಠರದಲ್ಲಿ ಉಳಿದು ಇರುಳೆಲ್ಲ ಸ್ವಲ್ಪಸ್ವಲ್ಪ ಕರಗುತ್ತದೆ. ದಿನದ ಆಹಾರದ ದೊಡ್ಡ ಪಾಲನ್ನು ಇಳಿಹೊತ್ತಿಗೆ ಕೊಡಿ. ಟನ್ನಿಗೆ 2 ಕೆ.ಜಿ. ಅಡುಗೆ ಸೋಡಾ ಹಾಕಿ, ಅಷ್ಟಕ್ಕೆ ತಕ್ಕಂತೆ ಉಪ್ಪು ಕಡಿಮೆ ಮಾಡಿ. ರಂಜಕ ಹೆಚ್ಚು ಸುರಿದರೆ ಚಿಪ್ಪು ಇನ್ನೂ ಕೆಡುತ್ತದೆ. ಈ ಆಹಾರ ಬೆಳೆಯುವ ಮರಿಗಳ ಬಾಯಿಗೆ ಬೀಳಬಾರದು. ಮೊಟ್ಟೆ ಇಡದ ಮರಿಗೆ ಶೇ. 4 ಕ್ಯಾಲ್ಸಿಯಂ ಮೂತ್ರಪಿಂಡ ಕೆಡಿಸಿ ಗೌಟ್ ತರುತ್ತದೆ.

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ಕೆಲವು ದಿನ ಇಟ್ಟ ಮೊಟ್ಟೆಯ ಬಿಳಿ ಲೋಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿದೆ. ಹಳದಿಯ ಬಣ್ಣವೂ ಸಪ್ಪೆ.

ಉತ್ತರ: ಆಹಾರದಲ್ಲಿ ಹತ್ತಿಕಾಳು ಹಿಂಡಿ ಇದೆಯೇ ನೋಡಿ. ಅದರ ಎಣ್ಣೆಯಲ್ಲಿರುವ ಸೈಕ್ಲೋಪ್ರೊಪೀನ್ ಕೊಬ್ಬಿನಾಮ್ಲಗಳು ಹಳದಿಯ ಪೊರೆಯನ್ನು ಸಡಿಲ ಮಾಡುತ್ತವೆ. ಹಳದಿಯ ಕಬ್ಬಿಣ ಬಿಳಿಗೆ ಸೋರಿ ಗುಲಾಬಿಯಾಗುತ್ತದೆ. ಅದೇ ಹಿಂಡಿಯ ಗಾಸಿಪಾಲ್‌ನಿಂದ ಹಳದಿ ಹಸಿರುಗಂದು ಆಗುವುದೂ ಉಂಟು. ಫೆರಸ್ ಸಲ್ಫೇಟ್ ಗಾಸಿಪಾಲ್ ಅನ್ನು ಕಟ್ಟಿಹಾಕುತ್ತದೆ, ಗುಲಾಬಿ ಬಣ್ಣವನ್ನು ತಡೆಯುವುದಿಲ್ಲ. ಮೊಟ್ಟೆ ಕೋಳಿಗೆ ಈ ಹಿಂಡಿ ಬಿಡುವುದೇ ಲೇಸು. ಸಪ್ಪೆ ಹಳದಿಗೆ ಹಳದಿ ಮೆಕ್ಕೆಜೋಳ, ಕುದುರೆ ಮಸಾಲೆ ಸೊಪ್ಪಿನ ಪುಡಿ ಅಥವಾ ಚೆಂಡುಹೂವಿನ ಸಾರ ಸಾಕು. ಬದಲಾವಣೆ ಎರಡು ಮೂರು ದಿನದಲ್ಲಿ ಕಾಣತೊಡಗಿ 10–12 ದಿನಕ್ಕೆ ಪೂರ್ತಿಯಾಗುತ್ತದೆ. ಬಣ್ಣ ಗಾಢವಾದ ಮಾತ್ರಕ್ಕೆ ಮೊಟ್ಟೆಯ ಪ್ರೋಟೀನ್ ಹೆಚ್ಚುವುದಿಲ್ಲ. ಗ್ರಾಹಕರಿಗೆ ಇದನ್ನು ಹಾಗೇ ಹೇಳಿ.

ಪ್ರಶ್ನೆ: ಸರ್, ಕೊಳದಲ್ಲಿ 1,600 ಗೆಂಡೆ ಮೀನು, ಸರಾಸರಿ 500 ಗ್ರಾಂ. ಎಣ್ಣೆ ತೆಗೆಯದ ಭತ್ತದ ತೌಡು ಮತ್ತು ಕಡಲೆಕಾಯಿ ಹಿಂಡಿ ಸಮಸಮ ಬೆರೆಸಿ ಹಾಕುತ್ತಿದ್ದೇನೆ. ಎರಡು ತಿಂಗಳಿಂದ ಬೆಳವಣಿಗೆ ನಿಂತಿದೆ. ಕೊಯ್ದರೆ ಹೊಟ್ಟೆಯ ತುಂಬಾ ಕೊಬ್ಬು, ಮಾಂಸ ಮೆತ್ತಗೆ.

ಉತ್ತರ (ಮೀನು ಆಹಾರ ತಜ್ಞ): ನಿಮ್ಮ ಮಿಶ್ರಣದಲ್ಲಿ ಪ್ರೋಟೀನ್ ಸುಮಾರು ಶೇ. 28. ಕಾಗದದ ಮೇಲೆ ತಪ್ಪಿಲ್ಲ. ತೊಂದರೆ ಮೂರು ಕಡೆ ಇದೆ. ಕಡಲೆಕಾಯಿ ಪ್ರೋಟೀನ್‌ನಲ್ಲಿ ಲೈಸಿನ್, ಮೆಥಿಯೋನಿನ್ ಕಡಿಮೆ. ಈ ಎರಡು ಸಾಲದಿದ್ದರೆ ಉಳಿದ ಅಮೈನೋ ಆಮ್ಲಗಳು ಮಾಂಸವಾಗದೆ ಉರಿದುಹೋಗುತ್ತವೆ ಇಲ್ಲವೇ ಕೊಬ್ಬಾಗುತ್ತವೆ. ಎಣ್ಣೆ ತೆಗೆಯದ ತೌಡಿನಲ್ಲಿ ಕೊಬ್ಬು ಶೇ. 14ರಷ್ಟು ಇದೆ, ಅದು ನೇರ ಹೊಟ್ಟೆಗೆ ಸೇರುತ್ತದೆ. ಇನ್ನು ಪುಡಿಯಾಗಿ ಎರಚಿದ್ದರಲ್ಲಿ ಬಹುಪಾಲು ನೀರಿಗೇ ಗೊಬ್ಬರವಾಗುತ್ತದೆ.

100 ಕೆ.ಜಿ.ಗೆ ಈ ಲೆಕ್ಕ ಹಿಡಿಯಿರಿ: ಹುರಿದ ಸೋಯಾ ಹಿಂಡಿ 35, ಎಣ್ಣೆ ತೆಗೆದ ತೌಡು 30, ಮೆಕ್ಕೆಜೋಳದ ಹಿಟ್ಟು 13, ಕಡಲೆಕಾಯಿ ಹಿಂಡಿ 12, ಮೀನಿನ ಪುಡಿ 5, ಎಣ್ಣೆ 2, ವಿಟಮಿನ್–ಖನಿಜ ಮಿಶ್ರಣ 2, ಡೈಕ್ಯಾಲ್ಸಿಯಂ ಫಾಸ್ಫೇಟ್ 1. ಪ್ರೋಟೀನ್ ಶೇ. 29–30 ಬರುತ್ತದೆ. ಸೋಯಾ ಹಸಿಯಾಗಿದ್ದರೆ ಅದರಲ್ಲಿರುವ ಟ್ರಿಪ್ಸಿನ್ ತಡೆಗಾರ ಪ್ರೋಟೀನ್ ಜೀರ್ಣವಾಗಲು ಬಿಡುವುದಿಲ್ಲ, ಹುರಿದದ್ದೇ ಬೇಕು. 3–4 ಮಿ.ಮೀ. ಪೆಲೆಟ್ ಮಾಡಿಸಿ.

ಪ್ರಮಾಣ: 1,600 ಮೀನು ಎಂದರೆ 800 ಕೆ.ಜಿ. ತೂಕ. ಶೇ. 1.5 ಲೆಕ್ಕದಲ್ಲಿ ದಿನಕ್ಕೆ 12 ಕೆ.ಜಿ., ಎರಡು ಸಲಕ್ಕೆ. 20 ನಿಮಿಷದಲ್ಲಿ ಮುಗಿಯದಿದ್ದರೆ ಮರುದಿನ ಕಡಿಮೆ ಮಾಡಿ. 15 ದಿನಕ್ಕೊಮ್ಮೆ ಬಲೆ ಬೀಸಿ 30–50 ಮೀನು ತೂಗಿ. 15 ದಿನದಲ್ಲಿ 180 ಕೆ.ಜಿ. ಹಾಕಿ ಒಟ್ಟು ತೂಕ 100 ಕೆ.ಜಿ. ಏರಿದರೆ ಅನುಪಾತ 1.8. ಅದು 2.5 ದಾಟಿದರೆ ಆಹಾರ ಎಲ್ಲೋ ಪೋಲಾಗುತ್ತಿದೆ. ನೀರಿನಲ್ಲಿ ಕರಗಿದ ಆಮ್ಲಜನಕ ತೀರಾ ಕಡಿಮೆ ಇರುವುದು ನಸುಕಿನಲ್ಲಿ. ಆದ್ದರಿಂದ ಬಿಸಿಲೇರಿದ ಮೇಲೆ ಹಾಕಿ. ಲೀಟರಿಗೆ 3 ಮಿ.ಗ್ರಾಂ.ಗಿಂತ ಕೆಳಗಿದ್ದರೆ ಆ ಹೊತ್ತು ಹಾಕಲೇಬೇಡಿ, ಮೋಡ ಕವಿದ ದಿನ ಅರ್ಧ ಸಾಕು.

ಮರುಪ್ರಶ್ನೆ: ಮರಿಗಳಲ್ಲಿ ಕೆಲವಕ್ಕೆ ಬೆನ್ನು ಡೊಂಕಾಗಿದೆ. ಅವಕ್ಕೆ ಪೆಲೆಟ್ಟೇ ಹಾಕುತ್ತಿರುವುದು, ಆರು ತಿಂಗಳ ಹಿಂದಿನ ದಾಸ್ತಾನು.

ಉತ್ತರ: ಮೊದಲ ಅನುಮಾನ ವಿಟಮಿನ್ ಸಿ ಮೇಲೆ. ಅದಿಲ್ಲದೆ ಕೊಲ್ಲಾಜೆನ್ ಕಟ್ಟುವುದಿಲ್ಲ, ಮೂಳೆ ಬಾಗುತ್ತದೆ. ಬಿಸಿ, ತೇವ ಎರಡೂ ಇದನ್ನು ಕೊಲ್ಲುತ್ತವೆ. ಮೂರು ತಿಂಗಳೊಳಗೆ ಮುಗಿಯುವಷ್ಟೇ ಕೊಳ್ಳಿ, ವಿಟಮಿನ್ ಸಿ ಫಾಸ್ಫೇಟ್ ರೂಪದಲ್ಲಿರುವುದನ್ನು ಕೇಳಿ ತೆಗೆದುಕೊಳ್ಳಿ. ಹಳೆಯ ಪೆಲೆಟ್ ಕಮಟು ವಾಸನೆ ಬಂದಿದ್ದರೆ ಕೊಬ್ಬೂ ಹಳಸಿದೆ, ಅದು ಯಕೃತ್ತನ್ನು ಕೆಡಿಸುತ್ತದೆ. ಬಾಗಿದ ಬೆನ್ನು ನೆಟ್ಟಗಾಗುವುದಿಲ್ಲ, ಉಳಿದ ಮರಿಗಳನ್ನು ಉಳಿಸಿಕೊಳ್ಳಬಹುದು.

ಪ್ರಶ್ನೆ: ಮೀನಿಗೆ ಮಣ್ಣಿನ ವಾಸನೆ. ಆಹಾರ ಬದಲಿಸಿದರೆ ಹೋಗುತ್ತದೆಯೇ?

ಉತ್ತರ: ವಾಸನೆ ಆಹಾರದ್ದಲ್ಲ, ಆದರೆ ಮೂಲ ಹೆಚ್ಚಾದ ಆಹಾರವೇ ಇರಬಹುದು. ಉಳಿದ ಆಹಾರ ಕೊಳೆತು ನೀಲಿ-ಹಸಿರು ಪಾಚಿಗೆ ಗೊಬ್ಬರವಾಗುತ್ತದೆ. ಆ ಪಾಚಿಗಳಲ್ಲಿ ಕೆಲವು ಜಿಯೋಸ್ಮಿನ್, ಮೀಥೈಲ್ ಐಸೋಬೋರ್ನಿಯಾಲ್ ಎಂಬ ಮಣ್ಣಿನ ವಾಸನೆಯ ವಸ್ತುಗಳನ್ನು ಬಿಡುತ್ತವೆ. ಮೀನು ಕಿವಿರುಗಳ ಮೂಲಕ ಇವನ್ನು ಕೆಲವೇ ಗಂಟೆಗಳಲ್ಲಿ ಹೀರಿಕೊಳ್ಳುತ್ತದೆ, ಬಿಟ್ಟುಕೊಡಲು ದಿನಗಟ್ಟಲೆ ಬೇಕು. ಕೊಬ್ಬಿನ ಮೀನಿಗೆ ಇನ್ನೂ ನಿಧಾನ. ಶುದ್ಧ ಹರಿಯುವ ನೀರಿನ ತೊಟ್ಟಿಯಲ್ಲಿ ಆಹಾರ ಹಾಕದೆ ಒಂದು ವಾರ ಇಡಿ. ತೊಟ್ಟಿಯ ಗೋಡೆಗೆ ಪಾಚಿ ಕಟ್ಟಿದ್ದರೆ ಮೊದಲು ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ವಾಸನೆ ಅಲ್ಲಿಂದಲೇ ಮತ್ತೆ ಹತ್ತುತ್ತದೆ.

ಹಿಡಿಯುವ ಮುನ್ನ ಪರೀಕ್ಷೆ ಹೀಗೆ: ಒಂದೇ ಮೀನು ನಂಬದೆ ಮೂರು ನಾಲ್ಕು ಹಿಡಿದು, ಬಾಲದ ಕಡೆಯ ತುಂಡನ್ನು ಉಪ್ಪು, ಮಸಾಲೆ ಏನೂ ಹಾಕದೆ ಮುಚ್ಚಿ ಬೇಯಿಸಿ. ಮುಚ್ಚಳ ತೆಗೆದ ಕೂಡಲೇ ಮೂಸಿ, ಆಮೇಲೆ ರುಚಿ ನೋಡಿ. ಒಂದರಲ್ಲಿ ವಾಸನೆ ಬಂದರೂ ಹಿಡಿಯುವುದನ್ನು ಮುಂದಕ್ಕೆ ಹಾಕಿ. ವಾಸನೆ ಇಲ್ಲದಿದ್ದರೂ ಹಿಡಿಯುವ 24–48 ಗಂಟೆ ಮುಂಚೆ ಆಹಾರ ನಿಲ್ಲಿಸಿ. ಕರುಳು ಖಾಲಿ ಇದ್ದರೆ ಸಾಗಣೆಯಲ್ಲಿ ನೀರು ಕೊಳೆಯಾಗುವುದಿಲ್ಲ, ಮಂಜುಗಡ್ಡೆಯಲ್ಲಿಟ್ಟಾಗ ಹೊಟ್ಟೆ ಬೇಗ ಒಡೆಯುವುದಿಲ್ಲ.