ಪದರ ಪದರವಾಗಿ ಅಂಟಿಸಿದ ಸ್ಪೀಕರ್ ಬಾಕ್ಸ್: ಕಲಬುರಗಿ ಬಿಸಿಲಿಗೆ ತಾಳುತ್ತಾ?

ಆಳಂದ ರೋಡ್
ನಮಸ್ಕಾರ ಎಲ್ಲರಿಗೂ. ತಗ್ಗು ಸ್ವರಕ್ಕೆ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಕ್ಕೆ ಒಂದು ಇಂಚಿನ ಟ್ವೀಟರ್, ಎರಡೂ ಜೊತೆ ತಂದಿಟ್ಟಿದ್ದೇನೆ. ಬಾಕ್ಸ್ ಮನೆಯಲ್ಲೇ ಮಾಡಬೇಕು. ಮಾಮೂಲಿ ಚೌಕದ ಪೆಟ್ಟಿಗೆ ಬೇಡ. 18 ಮಿ.ಮೀ. ಪ್ಲೈವುಡ್‌ನಲ್ಲಿ ಬಳೆಯಂಥ ತುಂಡು ಕತ್ತರಿಸಿ, ಒಂದರ ಮೇಲೊಂದು ಮಲಗಿಸಿ ಅಂಟಿಸುವ ಯೋಚನೆ. 22 ಪದರ ಆದರೆ ಎತ್ತರ 396 ಮಿ.ಮೀ. ಬರುತ್ತದೆ. ಅಗಲ 240, ಆಳ 320, ಗೋಡೆ 30 ಮಿ.ಮೀ. ದಪ್ಪ, ಹಿಂಬದಿ ದುಂಡಗೆ. ಒಳಗೆ ಸುಮಾರು 15 ಲೀಟರ್ ಜಾಗ ಸಿಗುತ್ತದೆ. ಹಳೇ ವಾಡೆಯ ಬಾಗಿಲಿನ ಸಾಗವಾನಿ ಹಲಗೆಗಳೂ ಮನೆಯಲ್ಲಿವೆ. ಪ್ಲೈ ಒಳ್ಳೆಯದಾ, ಸಾಗವಾನಿ ಒಳ್ಳೆಯದಾ? ನಮ್ಮ ಮೇ ತಿಂಗಳ ಬಿಸಿಲಿಗೆ ಅಂಟು ನಿಲ್ಲುತ್ತಾ?

ಬೀದರ್ ಕೇಳುಗ
ಸಾಗವಾನಿ ಇದ್ದರೆ ಕಣ್ಣು ಮುಚ್ಚಿ ಸಾಗವಾನಿಯಲ್ಲೇ ಮಾಡಿ. ಎಷ್ಟೋ ವರ್ಷ ಇದೇ ಗಾಳಿ ಕುಡಿದು ಹದವಾದ ಮರ ದುಡ್ಡು ಕೊಟ್ಟರೂ ಸಿಗಲ್ಲ. ಇಟಲಿಯಲ್ಲಿ ಫ್ರಾಂಕೊ ಸೆರ್ಬ್ಲಿನ್ ಅವರು ಸೋನಸ್ ಫೇಬರ್ ಕಂಪನಿಗೆ 1990ರ ದಶಕದಲ್ಲಿ ಮಾಡಿದ ಗ್ವಾರ್ನೆರಿ ಹೋಮೇಜ್ ನೋಡಿ. ಗಟ್ಟಿ ಮರದ ತುಂಡು ಅಂಟಿಸಿಯೇ ಆ ದುಂಡು ಆಕಾರ ತಂದರು. ಜನ ಇವತ್ತಿಗೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಉಳಿ ತೋಪಡ
ಅದು ಉದ್ದುದ್ದ ಪಟ್ಟಿಗಳನ್ನು ನಿಲ್ಲಿಸಿ ಅಕ್ಕಪಕ್ಕ ಅಂಟಿಸಿದ್ದು. ಇವರು ಕೇಳುತ್ತಿರುವುದು ಬಳೆ ಕತ್ತರಿಸಿ ಮಲಗಿಸುವುದನ್ನು. ಎರಡೂ ಒಂದೇ ಅಲ್ಲ.

ಮರ ತನ್ನ ಎಳೆಯ (ನಾರಿನ) ಉದ್ದಕ್ಕೆ ಅಲುಗಾಡುವುದೇ ಇಲ್ಲ ಎನ್ನಬಹುದು. ಎಳೆಗೆ ಅಡ್ಡಲಾಗಿ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಏಪ್ರಿಲ್‌ನ ಒಣ ಗಾಳಿಗೆ ಕುಗ್ಗಿದ್ದು ಆಗಸ್ಟ್‌ನ ತೇವಕ್ಕೆ ಮತ್ತೆ ಹಿಗ್ಗುತ್ತದೆ. 240 ಮಿ.ಮೀ. ಅಗಲದಲ್ಲಿ ಒಂದೆರಡು ಮಿ.ಮೀ. ಹೆಚ್ಚುಕಮ್ಮಿ ಆಗೋದು ದೊಡ್ಡ ಮಾತಲ್ಲ. ಹಳೇ ಬಾಗಿಲಿನ ಮರವೂ ಇದಕ್ಕೆ ಹೊರತಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಇದೇ ಕಾರಣಕ್ಕೆ. ಇನ್ನೊಂದು ತೊಂದರೆ ಇದೆ. ಹಲಗೆಯಿಂದ ಬಳೆ ಕತ್ತರಿಸಿದರೆ, ಎಳೆಗೆ ಅಡ್ಡ ಬರುವ ಕಡೆ 30 ಮಿ.ಮೀ. ಗೋಡೆಯಲ್ಲಿ ಎಳೆ ತುಂಡು ತುಂಡಾಗಿರುತ್ತದೆ. ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ.

ಸಾಗವಾನಿಯಲ್ಲೇ ಮಾಡುವುದಾದರೆ ಎಲ್ಲ ಪದರದ ಎಳೆಯೂ ಒಂದೇ ದಿಕ್ಕಿಗೆ ಇರಲಿ. ನಡುನಡುವೆ ಪ್ಲೈ ಸೇರಿಸಲೇಬೇಡಿ. ಪ್ಲೈ ಅಲುಗಾಡಲ್ಲ, ಸಾಗವಾನಿ ಅಲುಗಾಡುತ್ತದೆ, ನಡುವಿನ ಅಂಟಿನ ಗೆರೆಯೇ ಬಾಯಿ ಬಿಡುತ್ತದೆ. ಸಾಗವಾನಿಯಲ್ಲಿ ಎಣ್ಣೆ ಅಂಶ ಬೇರೆ ಇದೆ. ಆಗ ತಾನೇ ತೋಪಡ ಹಾಕಿದ ಮೈಗೆ ಥಿನ್ನರ್ ಒರೆಸಿ, ಆರಿದ ಕೂಡಲೇ ಅಂಟಿಸಬೇಕು.

ನನ್ನ ಮಾತು ಕೇಳುವುದಾದರೆ ಪ್ಲೈ. ಅದೂ ಐಎಸ್ 710 ಗುರುತಿನ, ನೀರಿಗೆ ತಾಳುವ ಮರೀನ್ ಪ್ಲೈ. ಅಗ್ಗದ ಪ್ಲೈ ಒಳಗೆ ಟೊಳ್ಳು ಇರುತ್ತದೆ, ಅಂಚು ಕಣ್ಣಿಗೆ ಕಾಣುವ ಕೆಲಸದಲ್ಲಿ ಅದೆಲ್ಲ ಹೊರಗೆ ಬೀಳುತ್ತದೆ.

ಸೇಡಂ ರಸ್ತೆ
ಇಷ್ಟೆಲ್ಲ ಯಾಕೆ ಅಂತ ನನ್ನ ಪ್ರಶ್ನೆ. ಲೆಕ್ಕ ಹಾಕಿ ನೋಡಿ. 8 ಅಡಿ 4 ಅಡಿ ಹಾಳೆಯಲ್ಲಿ ಈ ಅಳತೆಯ ತುಂಡು 35 ಬರುತ್ತದೆ. ಎರಡು ಬಾಕ್ಸಿಗೆ 44 ಬೇಕು. ಅಂದರೆ ಎರಡನೇ ಹಾಳೆ ಕೊಳ್ಳಲೇಬೇಕು. ಇದೇ ಹೊರ ಅಳತೆಯ ಚೌಕದ ಬಾಕ್ಸ್ ಎರಡೂ ಅರ್ಧ ಹಾಳೆಯಲ್ಲಿ ಮುಗಿಯುತ್ತವೆ.

ದಪ್ಪ ಗೋಡೆ ಅಂದರೆ ಒಳ್ಳೆಯ ಧ್ವನಿ ಅನ್ನುವುದೂ ಪೂರ್ತಿ ನಿಜವಲ್ಲ. ಬಿಬಿಸಿ ಸಂಶೋಧನಾ ವಿಭಾಗದ ಹಾರ್ವುಡ್ ಮತ್ತು ಜೊತೆಯವರು 1970ರ ದಶಕದಲ್ಲಿ ಬೇರೆ ದಾರಿ ಹಿಡಿದರು. ತೆಳು ಬರ್ಚ್ ಮರದ ಪ್ಲೈ, ಒಳಗೋಡೆಗೆ ಡಾಂಬರಿನ ಪಟ್ಟಿ. ಬಿಬಿಸಿಯ ಎಲ್ಎಸ್ 3/5ಎ ಎಂಬ ಪುಟ್ಟ ಸ್ಪೀಕರಿನ ಗೋಡೆ 12 ಮಿ.ಮೀ. ಮಾತ್ರ. ಗೋಡೆ ಎಷ್ಟೇ ದಪ್ಪ ಇದ್ದರೂ ಒಂದು ಸ್ವರಕ್ಕೆ ಅದುರಿಯೇ ಅದುರುತ್ತದೆ. ದಪ್ಪ ಹೆಚ್ಚಿಸಿದಷ್ಟೂ ಆ ಸ್ವರ ಮೇಲೆ ಹೋಗುತ್ತದೆ, ಕಿವಿ ಚುರುಕಾಗಿರುವ ಕಡೆಗೆ. ತೆಳು ಗೋಡೆಯಲ್ಲಿ ಕೆಳಗಿರುತ್ತದೆ, ಡಾಂಬರು ಅದನ್ನು ಬೇಗ ಸಾಯಿಸುತ್ತದೆ. ಗಾಯಕರ ಗಂಟಲು ಶುದ್ಧವಾಗಿ ಕೇಳಬೇಕಾದರೆ ನನಗೆ ಇದೇ ಸರಿ ಅನಿಸುತ್ತದೆ.

ಶಹಾಬಾದ್ ಕಲ್ಲು
@ಸೇಡಂ ರಸ್ತೆ, ಗೋಡೆಯ ಮಾತು ಒಪ್ಪುತ್ತೇನೆ. ಆದರೆ ಆಕಾರದ ಲಾಭ ನೀವು ಲೆಕ್ಕಕ್ಕೇ ತಗೊಂಡಿಲ್ಲ. ಅಮೆರಿಕದ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ 1951ರಲ್ಲೇ ಬೇರೆ ಬೇರೆ ಆಕಾರದ ಬಾಕ್ಸ್ ಅಳೆದು ತೋರಿಸಿದ್ದಾರೆ. ಗೋಳದಲ್ಲಿ ಧ್ವನಿ ತುಂಬಾ ಸಮ, ಚೂಪು ಅಂಚಿನ ಘನದಲ್ಲಿ ಏರಿಳಿತ ಜಾಸ್ತಿ. ಧ್ವನಿ ಮುಂಬದಿಯ ಅಂಚಿಗೆ ಬಡಿದು ಮತ್ತೆ ಹರಡುವುದರಿಂದ ಹಾಗಾಗುತ್ತದೆ. 3,000 ಹರ್ಟ್ಜ್ ಅಲೆಯ ಉದ್ದ 11 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. ಅದಕ್ಕೆ ನಾಲ್ಕೈದು ಮಿ.ಮೀ. ದುಂಡು ಮಾಡಿದರೆ ಏನೂ ಸಾಲದು, ಮೂರು ನಾಲ್ಕು ಸೆಂ.ಮೀ. ಬೇಕು. 18 ಮಿ.ಮೀ. ಹಲಗೆಯ ಮೂಲೆಯಲ್ಲಿ ಅಷ್ಟು ಉಜ್ಜಲು ಮರವೇ ಇರಲ್ಲ. ಪದರ ಅಂಟಿಸಿದರೆ ಇರುತ್ತದೆ.

ಅಂಟಿಸುವಾಗ ಮೇಲೆ ಭಾರಕ್ಕೆ ನಮ್ಮ ಶಹಾಬಾದ್ ಕಲ್ಲು ಇದ್ದೇ ಇದೆ. ಎರಡಡಿ ಚೌಕದ ಎರಡು ಕಲ್ಲು ಇಟ್ಟರೆ ಮುಗೀತು.

ಉಳಿ ತೋಪಡ
ಕಲ್ಲು ಸಾಲಲ್ಲ ರೀ. ಒಂದಿಂಚು ದಪ್ಪದ ಎರಡಡಿ ಕಲ್ಲು 23 ಕೆ.ಜಿ. ಹತ್ತಿರ ತೂಗುತ್ತದೆ. ಎರಡಕ್ಕೆ 46. ಈ ಬಳೆಯ ಮೈ 300 ಚದರ ಸೆಂ.ಮೀ. ಅಂದರೆ ಒಂದು ಚದರ ಸೆಂ.ಮೀ.ಗೆ ಬೀಳುವುದು 150 ಗ್ರಾಂ. ಬಿಳಿ ಅಂಟು ಗಟ್ಟಿಯಾಗಿ ಕೂರಲು ಸುಮಾರು 7 ಕೆ.ಜಿ. ಬೇಕು. ಒಟ್ಟು ಎರಡು ಟನ್! ಮೇಲೆ ಕೆಳಗೆ ದಪ್ಪ ಹಲಗೆ ಇಟ್ಟು, ನಾಲ್ಕು ಮೂಲೆಗೆ 12 ಮಿ.ಮೀ. ಥ್ರೆಡ್ ರಾಡ್ ಹಾಕಿ, ಟೊಳ್ಳಿನ ನಡುವೆಯೂ ಒಂದು ಹಾಕಿ ಸ್ಪ್ಯಾನರ್‌ನಿಂದ ಬಿಗಿದರೆ ಅದು ಸಿಗುತ್ತದೆ.

ಎಲ್ಲ ಪದರ ಒಂದೇ ಸಲ ಅಂಟಿಸಬೇಡಿ. ಬಿಳಿ ಅಂಟು ನೀರು ಆರಿದರೆ ಮಾತ್ರ ಗಟ್ಟಿಯಾಗುತ್ತದೆ, ಮಧ್ಯದ ಪದರಗಳಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಹಸಿ ಅಂಟಿನ ಮೇಲೆ ತುಂಡುಗಳು ಜಾರುತ್ತವೆ ಕೂಡ. ನಾಲ್ಕೈದು ಪದರಕ್ಕೆ ಒಂದು ಗಂಟು, ಪ್ರತಿ ತುಂಡಿಗೂ ಎರಡು ಗೂಟದ ತೂತು. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಕೆಲಸ ಶುರು ಮಾಡಿ. ಬಿಸಿಲೇರಿದ ಮೇಲೆ ಸವರಿದ ಅಂಟು ನೋಡನೋಡುತ್ತಲೇ ಕೆನೆ ಕಟ್ಟುತ್ತದೆ.

ಬೀದರ್ ಕೇಳುಗ
ಬಿಳಿ ಅಂಟಿನ ಬಗ್ಗೆ ನಾನೂ ಒಂದು ಹೇಳಬೇಕು. ಗೆಳೆಯರೊಬ್ಬರ ಮನೆಯಲ್ಲಿ ಹೀಗೆ ಪದರದಿಂದ ಮಾಡಿ, ಕನ್ನಡಿಯಂತೆ ಹೊಳೆಯುವ ಕಪ್ಪು ಬಣ್ಣ ಹೊಡೆದ ಬಾಕ್ಸ್ ಇದೆ. ಒಂದು ಬೇಸಿಗೆ ಕಳೆದ ಮೇಲೆ ಪ್ರತಿ ಪದರದ ಗೆರೆಯೂ ಬಣ್ಣದ ಮೇಲೆ ಎದ್ದಿದೆ. ಪಕ್ಕದಿಂದ ಬೆಳಕು ಬಿದ್ದಾಗ ಸಾಲು ಸಾಲಾಗಿ ಕಾಣುತ್ತದೆ. ಉಗುರು ಮೇಲಿಂದ ಕೆಳಗೆ ಎಳೆದರೆ ಒಂದೊಂದು ಗೆರೆಗೂ ತಡೆಯುತ್ತದೆ.

ಉಳಿ ತೋಪಡ
ಅದು ಬಿಳಿ ಅಂಟಿನ ಗುಣ. ಆರಿದ ಮೇಲೂ ಮೆತ್ತಗಿರುತ್ತದೆ, 42-43 ಡಿಗ್ರಿಯಲ್ಲಿ ಇನ್ನಷ್ಟು ಮೆತ್ತಗಾಗಿ ನಿಧಾನಕ್ಕೆ ಸರಿಯುತ್ತದೆ. ಯೂರಿಯಾ ಫಾರ್ಮಾಲ್ಡಿಹೈಡ್ ಪುಡಿ ಅಂಟು ಕಲ್ಲಿನಂತೆ ಗಟ್ಟಿ, ಸರಿಯಲ್ಲ. ಆದರೆ ಅದರ ಹೊಗೆ ಒಳ್ಳೆಯದಲ್ಲ, ಅಂಗಳದಲ್ಲೇ ಕಲಸಬೇಕು. ಎಪಾಕ್ಸಿಯೂ ಆಗುತ್ತದೆ. ಅದಕ್ಕೆ ಒತ್ತಡ ಜಾಸ್ತಿ ಬೇಡ, ಜಾಸ್ತಿ ಬಿಗಿದರೆ ಅಂಟೇ ಹೊರಗೆ ಬರುತ್ತದೆ. ಅಲ್ಲಿ ಶಹಾಬಾದ್ ಕಲ್ಲು ಧಾರಾಳ ಸಾಕು. ದುಬಾರಿ, ಅಷ್ಟೇ. ಯಾವ ಅಂಟಾದರೂ ಹೊಳಪಿನ ಬಣ್ಣ ಬೇಡ. ಪ್ಲೈ ಗೆರೆ ಕಾಣಲಿ, ಸೀಲರ್ ಹೊಡೆದು ಮ್ಯಾಟ್ ಲ್ಯಾಕರ್ ಕೊಡಿ.

ಸೇಡಂ ರಸ್ತೆ
ಸರಿ, ಅಂಟಿನ ಸಮಸ್ಯೆ ಮುಗೀತು ಅಂದುಕೊಳ್ಳೋಣ. ನನಗೆ ಇದಕ್ಕಿಂತ ಮುಖ್ಯ ಅನಿಸುವ ಎರಡು ವಿಷಯ ಯಾರೂ ಎತ್ತಿಲ್ಲ.

ಬಳೆಗಳನ್ನು ಮಲಗಿಸಿದರೆ ಪಕ್ಕದ ಗೋಡೆ ದುಂಡಗಾಗುತ್ತದೆ. ಮೇಲಿನ ಮುಚ್ಚಳ, ಕೆಳಗಿನ ತಳ ಎದುರುಬದುರಾಗಿ ಚಪ್ಪಟೆಯೇ ಇರುತ್ತವೆ. ಇವರ ಬಾಕ್ಸಿನಲ್ಲಿ ಎಲ್ಲಕ್ಕಿಂತ ಉದ್ದದ ಅಳತೆ ಅದೇ, ಒಳಗೆ 36 ಸೆಂ.ಮೀ. ಅಲ್ಲಿ ಸುಮಾರು 476 ಹರ್ಟ್ಜ್‌ನಲ್ಲಿ ಅಲೆ ನಿಂತುಕೊಳ್ಳುತ್ತದೆ (ಎದುರುಬದುರು ಗೋಡೆಗೆ ಪುಟಿದು ಆ ಸ್ವರ ಒಳಗೇ ಮೊಳಗುತ್ತದೆ), ಹಾಡುವ ದನಿಯ ನಟ್ಟನಡುವೆ. ಹಿಂಬದಿ ಎಷ್ಟು ದುಂಡಗಿದ್ದರೂ ಇದಕ್ಕೆ ಏನೂ ಆಗಲ್ಲ. ಇನ್ನು ಎರಡನೆಯದು, ಮುಂಬದಿಯ ಮೈ ಪೂರ್ತಿ ಪ್ಲೈ ಅಂಚು. ವೂಫರಿನ ಸ್ಕ್ರೂ ಆ ಅಂಚಿಗೇ ಇಳಿಯಬೇಕು. ಪದರದ ಗೆರೆ ಮೇಲೆ ಬಿದ್ದರೆ ಸೀಳುತ್ತದೆ.

ಶಹಾಬಾದ್ ಕಲ್ಲು
ಹಾಗಾದರೆ ಬಳೆ ಮಲಗಿಸುವುದೇ ಬೇಡ, ನಿಲ್ಲಿಸಿ! ಪದರಗಳು ಮುಂದಿನಿಂದ ಹಿಂದಕ್ಕೆ ಹೋಗಲಿ. ತುಂಡಿನ ಅಳತೆ 240 ಮತ್ತು 396 ಆಗುತ್ತದೆ. 18 ಪದರಕ್ಕೆ ಆಳ 324 ಮಿ.ಮೀ. ಎರಡು ಬಾಕ್ಸಿಗೆ 36 ತುಂಡು, ಒಂದು ಹಾಳೆಯಲ್ಲಿ 30 ಬರುತ್ತವೆ. ಹಿಂದೆ ಹೋದಂತೆ ಪ್ರತಿ ಬಳೆಯನ್ನೂ ಸ್ವಲ್ಪ ಚಿಕ್ಕದು ಮಾಡಿದರೆ ಮೇಲು ಕೆಳಗೂ ಓರೆಯಾಗುತ್ತವೆ. ಜಾಗ 13 ಲೀಟರಿಗೆ ಇಳಿಯಬಹುದು, ಅದಕ್ಕೆ ತಕ್ಕಂತೆ ಪೋರ್ಟ್ (ಬಾಕ್ಸಿನ ಗಾಳಿ ಆಡುವ ಕೊಳವೆ) ಲೆಕ್ಕ ಮತ್ತೆ ಹಾಕಿ. ಮುಂದೆ ಸಿಗುವುದು ಪ್ಲೈನ ಚಪ್ಪಟೆ ಮುಖ, ಸ್ಕ್ರೂ ಗಟ್ಟಿಯಾಗಿ ಕೂರುತ್ತದೆ. ಮೊದಲ ಎರಡು ಮೂರು ಪದರದಲ್ಲೇ ದೊಡ್ಡ ದುಂಡಂಚು ಉಜ್ಜಬಹುದು.

ಸೇಡಂ ರಸ್ತೆ
ಇದು ಸರಿಯಿದೆ. ಓರೆ ಮಾಡಿದರೂ ನಿಂತ ಅಲೆ ಪೂರ್ತಿ ಹೋಗಲ್ಲ, ಸ್ವಲ್ಪ ಚದುರುತ್ತದೆ ಅಷ್ಟೇ. ಆದ್ದರಿಂದ ಉಣ್ಣೆ ತುಂಬಿ. ಗೋಡೆಗೆ ಮೆತ್ತುವುದಕ್ಕಿಂತ ಎತ್ತರದ ನಡುಮಧ್ಯ ಇಡಿ. ಗೋಡೆಯ ಹತ್ತಿರ ಗಾಳಿ ಅಲುಗಾಡುವುದೇ ಇಲ್ಲ, ನಡುವಲ್ಲಿ ಜೋರಾಗಿ ಅಲುಗಾಡುತ್ತದೆ. ಉಣ್ಣೆ ಕೆಲಸ ಮಾಡುವುದು ಅಲ್ಲೇ. ಪೋರ್ಟಿನ ಬಾಯಿ ಮಾತ್ರ ಮುಚ್ಚಬೇಡಿ. ಆದರೂ ಎರಡು ಹಾಳೆ ಖರ್ಚು ನನ್ನ ಮನಸ್ಸಿಗೆ ಬರುತ್ತಿಲ್ಲ. ಆ ದುಡ್ಡು ಕ್ರಾಸೋವರ್‌ನ (ಸ್ವರಗಳನ್ನು ವೂಫರ್, ಟ್ವೀಟರಿಗೆ ಹಂಚುವ ಸರ್ಕ್ಯೂಟ್) ಒಳ್ಳೆ ಕಾಯಿಲ್‌ಗೆ ಹಾಕುತ್ತಿದ್ದೆ.

ಆಳಂದ ರೋಡ್
ಎಲ್ಲರಿಗೂ ಧನ್ಯವಾದ. ಪ್ಲೈಯಲ್ಲೇ ಮಾಡುತ್ತೇನೆ, ಪದರ ನಿಲ್ಲಿಸಿಯೇ. ಮೊದಲು 6 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಅಚ್ಚು ತೆಗೆದು, ಜಿಗ್‌ಸಾದಲ್ಲಿ ಒರಟಾಗಿ ಕತ್ತರಿಸಿ, ಬೇರಿಂಗ್ ಇರುವ ರೌಟರ್ ಬಿಟ್‌ನಲ್ಲಿ ಅಚ್ಚಿಗೆ ಸರಿಮಾಡುತ್ತೇನೆ. ಮಾಸ್ಕ್ ತಪ್ಪದೆ ಹಾಕುತ್ತೇನೆ. ಪೂರ್ತಿ ಬಾಕ್ಸಿಗೆ ಕೈ ಹಾಕುವ ಮೊದಲು ಮೂರು ಪದರದ ಎರಡು ತುಂಡು ಮಾಡಿ, ಒಂದಕ್ಕೆ ಪುಡಿ ಅಂಟು, ಇನ್ನೊಂದಕ್ಕೆ ಎಪಾಕ್ಸಿ ಹಾಕಿ ಮಾಳಿಗೆ ಮೇಲೆ ಬಿಸಿಲಿಗೆ ಇಡುತ್ತೇನೆ. ಸಾಗವಾನಿ ಸ್ಟ್ಯಾಂಡಿಗೆ ಆಗುತ್ತದೆ ಅಲ್ವಾ?

ಬೀದರ್ ಕೇಳುಗ
ಆಗುತ್ತದೆ. ತಳಕ್ಕೆ ಶಹಾಬಾದ್ ಕಲ್ಲು ಹಾಕಿ, ಅಲುಗಾಡಲ್ಲ. ಕಲ್ಲಿಗೆ ಸಾಗವಾನಿ ಕಾಲನ್ನು ಅಂಟಿಸಬೇಡಿ, ಬೋಲ್ಟ್ ಹಾಕಿ, ತೂತು ಸ್ವಲ್ಪ ಸಡಿಲ ಇರಲಿ.