ನಾಳೆ ರಾತ್ರಿ ಸುನಾಮಿ ಎಂಬ ಸಂದೇಶ

ಶಾಂತಾ ಅತ್ತೆ (ಹಲವು ಬಾರಿ ಫಾರ್ವರ್ಡ್ ಆಗಿದೆ): ನಾಳೆ ರಾತ್ರಿ ಕಾರವಾರದಿಂದ ಮಂಗಳೂರಿನವರೆಗೆ ಸುನಾಮಿ ಅಪ್ಪಳಿಸಲಿದೆ. ಹೊರದೇಶದ ವಿಜ್ಞಾನಿಗಳು ತಿಳಿಸಿದ್ದರೂ ನಮ್ಮವರು ಮುಚ್ಚಿಟ್ಟಿದ್ದಾರೆ. ಎಲ್ಲರಿಗೂ ಕಳುಹಿಸಿ.

ಗಣೇಶ: ಅತ್ತೆ, ಇದನ್ನು ಹೇಳಿದ ಸಂಸ್ಥೆ ಯಾವುದು? ಇಂಥ ಸುನಾಮಿಯನ್ನು ಒಂದು ದಿನ ಮೊದಲೇ ಹೇಳುವುದು ಯಾವ ದೇಶಕ್ಕೂ ಸಾಧ್ಯವಿಲ್ಲ. ಭೂಕಂಪವಾದ ಮೇಲೆ ಅದರ ತೀವ್ರತೆ, ಆಳ ಹಾಗೂ ಸಮುದ್ರಮಟ್ಟದ ಏರಿಳಿತವನ್ನು ನೋಡಿಯೇ ಎಚ್ಚರಿಕೆ ಕೊಡುತ್ತಾರೆ.

ದೊಡ್ಡಪ್ಪ: ಹಿರಿಯರು ಕಳಕಳಿಯಿಂದ ಕಳುಹಿಸಿದ್ದನ್ನು ಹೀಗೆ ಪಾಟೀಸವಾಲಿಗೆ ಒಡ್ಡಬಾರದು. ಕಡಲಿನ ಮುಂದೆ ಮನುಷ್ಯ ತಗ್ಗಿ ನಡೆಯಬೇಕು. 2004ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತಾಗ ನಿನ್ನ ವಿಜ್ಞಾನ ಎಲ್ಲಿತ್ತು?

ಗಣೇಶ: ಆಗ ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ, ದೊಡ್ಡಪ್ಪ. ಸುಮಾತ್ರಾದ ಬಳಿ ಭೂಮಿ ನಡುಗಿ ಸುಮಾರು ಎರಡು ಗಂಟೆ ಕಳೆದ ಮೇಲೆ ಅಲೆ ಚೆನ್ನೈ ಮುಟ್ಟಿತು, ಆದರೂ ದಡದಲ್ಲಿದ್ದವರಿಗೆ ಹೇಳುವವರಿರಲಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಸುನಾಮಿ ಎಚ್ಚರಿಕೆ ಕೇಂದ್ರವು ಈಗ ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾದ ಕೇಂದ್ರಗಳಂತೆಯೇ ಈ ಸಾಗರದ ಸುತ್ತಲಿನ ದೇಶಗಳಿಗೆ ಮಾಹಿತಿ ಕಳುಹಿಸುತ್ತದೆ. ನಮ್ಮ ಪಶ್ಚಿಮ ಕರಾವಳಿಗೆ ಇದು ಮುಖ್ಯ, ಏಕೆಂದರೆ 1945ರಲ್ಲಿ ಮುಂಬಯಿಗೆ ಬಂದ ಸುನಾಮಿ ಹುಟ್ಟಿದ್ದು ದೂರದ ಮಕ್ರಾನ್ ತೀರದಲ್ಲಿ, ಅಂದರೆ ಈಗಿನ ಪಾಕಿಸ್ತಾನ ಮತ್ತು ಇರಾನಿನ ಕರಾವಳಿಯಲ್ಲಿ.

ಸುಮಾ: ಅಜ್ಜ ಸಂಜೆ ರೇಡಿಯೋ ಪಕ್ಕ ಕುಳಿತು ಮೀನುಗಾರರಿಗೆ ಕೊಡುವ ಸೂಚನೆ ಕೇಳಿ, ಆಮೇಲೆ ಎಲ್ಲರನ್ನೂ ಕೂಗಿ ದೋಣಿಯನ್ನು ತೆಂಗಿನ ಬುಡದವರೆಗೆ ಎಳೆಸುತ್ತಿದ್ದದ್ದು ನೆನಪಾಯಿತು. ಅವರು ಹೇಳಿದರೆ ಇಡೀ ಕೇರಿ ನಂಬುತ್ತಿತ್ತು.

ರಮೇಶ ಮಾವ: 2023ರ ಅಕ್ಟೋಬರ್‌ನಲ್ಲಿ ಸರ್ಕಾರದ ಪರೀಕ್ಷಾ ಎಚ್ಚರಿಕೆ ಮೊಬೈಲ್‌ಗಳಲ್ಲಿ ಕೂಗಿದಾಗ, ಸೆಟ್ಟಿಂಗ್‌ನಲ್ಲಿ ಬಂದ್ ಮಾಡಿಬಿಡಿ ಎಂದು ಇದೇ ಗುಂಪಿನಲ್ಲಿ ಬರೆದವನು ಗಣೇಶನೇ. ಈಗ ಅವನೇ ನಮಗೆ ಪಾಠ ಹೇಳುತ್ತಿದ್ದಾನೆ.

ಗಣೇಶ: ಮಾವ, ಪರೀಕ್ಷಾ ಸಂದೇಶದ ಮಾತನ್ನು ಇದಕ್ಕೆ ತಳುಕು ಹಾಕಬೇಡಿ.

ಸುಮಾ: ಇಬ್ಬರೂ ಜಗಳ ನಿಲ್ಲಿಸಿ. 2018ರಲ್ಲಿ ಇಂಡೋನೇಷ್ಯಾದ ಪಾಲು ನಗರಕ್ಕೆ ಅಲ್ಲಿನ ಕೇಂದ್ರ ಎಚ್ಚರಿಕೆ ಕೊಟ್ಟಿತ್ತು, ಆದರೆ ಭೂಕಂಪಕ್ಕೆ ವಿದ್ಯುತ್ತು ಮತ್ತು ಮೊಬೈಲ್ ಟವರುಗಳು ಕೆಟ್ಟು ಅನೇಕರಿಗೆ ಅದು ತಲುಪಲಿಲ್ಲ. ಸುಮಾತ್ರಾದ ಸಮೀಪದ ಸಿಮೆಲು ದ್ವೀಪದಲ್ಲಿ ಎಚ್ಚರಿಕೆ ಕೊಡುವ ಯಂತ್ರವೇ ಇರಲಿಲ್ಲ. 1907ರ ಸುನಾಮಿಯ ಕಥೆಯನ್ನು ಅಜ್ಜ ಅಜ್ಜಿಯರಿಂದ ಕೇಳಿದ್ದ ಜನ 2004ರಲ್ಲಿ ನೆಲ ನಡುಗಿದ ಕೂಡಲೇ ಗುಡ್ಡ ಹತ್ತಿದರು, ಹಾಗಾಗಿ ಸತ್ತವರು ಬೆರಳೆಣಿಕೆಯಷ್ಟು ಮಾತ್ರ.

ದೊಡ್ಡಪ್ಪ: ನಾನು ಹೇಳಿದ್ದೂ ಅದೇ, ಹಿರಿಯರ ಮಾತು ಕೇಳಬೇಕು.

ಗಣೇಶ: ಅವರು ಕಂಡದ್ದನ್ನು ಹೇಳಿದ್ದರು, ದೊಡ್ಡಪ್ಪ. ಇಲ್ಲದ ಸುನಾಮಿಯನ್ನು ನಾವು ವರ್ಷವರ್ಷವೂ ಹಂಚಿದರೆ ನಿಜವಾದ ಎಚ್ಚರಿಕೆ ಬಂದ ದಿನ ಯಾರೂ ಮನೆಯಿಂದ ಏಳುವುದಿಲ್ಲ. ಅತ್ತೆ, ಇದನ್ನು ಬೇರೆ ಎಲ್ಲಿಗಾದರೂ ಕಳುಹಿಸಿದ್ದೀರಾ?

ಶಾಂತಾ ಅತ್ತೆ: ಮಲ್ಪೆಯ ದೋಣಿಯವರ ಗುಂಪಿಗೆ ಆಗಲೇ ಹಾಕಿದ್ದೇನೆ. ನಾಳೆ ಕಡಲಿಗೆ ಇಳಿಯುವುದಿಲ್ಲ ಎಂದು ಇಬ್ಬರು ಬರೆದಿದ್ದಾರೆ.

ಗಣೇಶ: ಹಾಗಾದರೆ ಅದನ್ನು ಒತ್ತಿ ಹಿಡಿದು ಎಲ್ಲರಿಗೂ ಅಳಿಸಿ, ಆ ಇಬ್ಬರಿಗೆ ಫೋನ್ ಮಾಡಿಯೇ ತಿಳಿಸಿ.