ಹಳೆಯ ಪ್ರಕಾಶಕರ ಜಾಹೀರಾತು ಕಾಗದಗಳಿಗೆ ಒಟ್ಟಾರೆ ಹೆಸರೇನು?

ಪ್ರಶ್ನೆ

ಮಾನ್ಯರೇ, ಹಳೆಯ ಕನ್ನಡ ಪುಸ್ತಕ ಪ್ರಕಾಶಕರು ಪ್ರಚಾರಕ್ಕೆಂದು ಹೊರಡಿಸಿದ ಕಾಗದಗಳನ್ನು ಕೂಡಿಡುವ ಕೆಲಸ ನಡೆದಿದೆ. ಬೆಲೆಪಟ್ಟಿ, ಕರಪತ್ರ, ಪುಸ್ತಕದೊಳಗೆ ಇಟ್ಟು ಕಳಿಸುತ್ತಿದ್ದ ಚೀಟಿ, ಚಂದಾ ಅರ್ಜಿ, ಆರ್ಡರ್ ಕಾರ್ಡು, ಪುಟಗುರುತು, ಗೋಡೆ ಕ್ಯಾಲೆಂಡರು ಎಲ್ಲ ಇದರಲ್ಲಿ ಬರುತ್ತವೆ. ಇವನ್ನೆಲ್ಲ ಒಂದೇ ಹೆಸರಿನಡಿ ದಾಖಲಿಸಬೇಕು. ಇಂಗ್ಲಿಷಿನವರು ‘ಎಫೆಮೆರಾ’ ಅನ್ನುತ್ತಾರೆ. ಒಂದು ದಿನ ಮಾತ್ರ ಬಾಳುವುದು ಎಂಬುದು ಅದರ ಗ್ರೀಕ್ ಮೂಲಾರ್ಥ. 1975ರಲ್ಲಿ ಮಾರಿಸ್ ರಿಕರ್ಡ್ಸ್ ಲಂಡನ್ನಿನಲ್ಲಿ ಎಫೆಮೆರಾ ಸೊಸೈಟಿ ಕಟ್ಟಿದ ಮೇಲೆ ಸಂಗ್ರಾಹಕರಲ್ಲಿ ಆ ಮಾತು ಗಟ್ಟಿಯಾಗಿ ನಿಂತಿತು. ಕನ್ನಡಕ್ಕೆ ‘ಕ್ಷಣಿಕ ಸಾಹಿತ್ಯ’, ‘ಅಲ್ಪಾಯು ಮುದ್ರಣ’, ‘ಚಿಲ್ಲರೆ ಅಚ್ಚು’ ಎಂಬ ಸೂಚನೆಗಳು ಬಂದಿವೆ. ಯಾವುದು ಸರಿ?

ಜೊತೆಗೆ ಮೂರು ಸಣ್ಣ ಸಂದೇಹ. ಪುಸ್ತಕದ ಕೊನೆಯ ಪುಟಗಳಲ್ಲೇ ಅಚ್ಚಾದ ಜಾಹೀರಾತನ್ನು ಇದೇ ಗುಂಪಿಗೆ ಸೇರಿಸಬಹುದೇ? ‘ರಕ್ಷಾಪುಟ’ ಎಂದರೆ ಮೇಲುಹೊದಿಕೆಯೋ, ರಟ್ಟಿನ ಮೇಲಿನ ಪುಟವೋ? ‘ಕಿಮ್ಮತ್ತು 1-8’ ಎಂದು ಅಚ್ಚಾಗಿದ್ದರೆ ಎಷ್ಟೆಂದು ಬರೆದುಕೊಳ್ಳಬೇಕು?

ಉತ್ತರ

ಕೊನೆಯದರಿಂದ ಶುರುಮಾಡುತ್ತೇನೆ, ತಪ್ಪು ಹೆಚ್ಚಾಗುವುದು ಅಲ್ಲಿಯೇ. 1-8 ಎಂದರೆ ಒಂದು ರೂಪಾಯಿ ಎಂಟಾಣೆ, ಇಂದಿನ ಲೆಕ್ಕದಲ್ಲಿ 1.50. ಅದನ್ನು 1.80 ಎಂದು ನಮೂದಿಸಿದ ಪಟ್ಟಿಗಳು ಸಾಕಷ್ಟಿವೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹಾಗಾಗಿ ಪೂರ್ತಿ ರೂಪ 1-8-0. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಾದ ಮೇಲೂ ನಡುವಿನ ಗೀಟನ್ನು ಅಚ್ಚುಕೂಟಗಳು ಬಿಡಲಿಲ್ಲ. ‘1-50’ ಎಂದಿದ್ದರೆ ಅದು ಹೊಸ ಲೆಕ್ಕ, ಏಕೆಂದರೆ ಐವತ್ತು ಆಣೆ ಎಂಬುದು ಆ ಜಾಗದಲ್ಲಿ ಬರಲಾರದು. ಎರಡನೆಯ ಅಂಕಿ 15 ಮೀರಿದರೆ ನಿಶ್ಚಿಂತೆ. 15ರ ಒಳಗಿದ್ದರೆ ಆ ಪಟ್ಟಿಯ ಉಳಿದ ಬೆಲೆಗಳನ್ನು ನೋಡಬೇಕು: ಎಲ್ಲ 4, 8, 12ರಲ್ಲೇ ನಿಂತಿದ್ದರೆ ಆಣೆ, 25, 50, 75 ಕಂಡರೆ ಪೈಸೆ. ‘ನ.ಪೈ.’ (ನಯಾ ಪೈಸೆ) ಎಂದಿದ್ದರೆ ಕಾಲ ಇನ್ನೂ ಬಿಗಿಯಾಗುತ್ತದೆ. ‘ನಯಾ’ ಎಂಬ ವಿಶೇಷಣವನ್ನು ಸರಕಾರ ಕೈಬಿಟ್ಟದ್ದು 1964ರ ಜೂನ್ 1ರಂದು. ದಾಖಲೆಯಲ್ಲಿ ಅಚ್ಚಾದ ರೂಪವನ್ನೇ ಮೊದಲು ಬರೆದು, ನಿಮ್ಮ ಪರಿವರ್ತನೆಯನ್ನು ಪಕ್ಕದ ಕಲಮಿನಲ್ಲಿ ಇಡಿ. ಹಳೆಯ ಬೆಲೆಯ ಮೇಲೆ ರಬ್ಬರ್ ಮುದ್ರೆಯಲ್ಲಿ ಹೊಸ ಬೆಲೆ ಒತ್ತಿದ್ದರೆ ಎರಡನ್ನೂ ಬರೆಯಿರಿ. ಆ ಪಟ್ಟಿ ಎಷ್ಟು ಕಾಲ ಚಲಾವಣೆಯಲ್ಲಿತ್ತು ಎನ್ನುವುದಕ್ಕೆ ಆ ಮುದ್ರೆಯೇ ಸಾಕ್ಷಿ.

‘ಕಿಮ್ಮತ್ತು’ ಎಂಬ ಮಾತೂ ಊರು ಹೇಳುತ್ತದೆ. ಮರಾಠಿಯ ಒಡನಾಟದಲ್ಲಿದ್ದ ಧಾರವಾಡ, ಬೆಳಗಾವಿ ಕಡೆಯ ಕಾಗದಗಳಲ್ಲಿ ಕಿಮ್ಮತ್ತು, ವರ್ಗಣಿ, ಟಪಾಲು ಖರ್ಚು, ಛಾಪಖಾನೆ, ‘ವ್ಹಿ.ಪಿ.’ (ಅಂಚೆಯವನಿಗೆ ಹಣ ಕೊಟ್ಟು ಕಟ್ಟು ಬಿಡಿಸಿಕೊಳ್ಳುವ ಏರ್ಪಾಡು) ಎಂಬ ಮಾತುಗಳು ಕಾಣುತ್ತವೆ. ಮೈಸೂರು ಸೀಮೆಯಲ್ಲಿ ಅದೇ ಸಂಗತಿಗೆ ಕ್ರಯ, ಚಂದಾ, ಅಂಚೆ ವೆಚ್ಚ, ಮುದ್ರಣಾಲಯ, ‘ವಿ.ಪಿ.’ ಎನ್ನುತ್ತಾರೆ. ವಿಳಾಸವಿಲ್ಲದ ಹರಿದ ಚೀಟಿಯನ್ನು ಎಲ್ಲಿಯದೆಂದು ಊಹಿಸಲು ಇದು ಬಹಳ ನೆರವಾಗುತ್ತದೆ. ಆದರೆ ಇದೊಂದರ ಮೇಲೇ ತೀರ್ಪು ಕೊಡಬಾರದು, ಧಾರವಾಡದವರು ಬೆಂಗಳೂರಿನ ಓದುಗರಿಗೆ ಬರೆಯುವಾಗ ಮಾತು ಬದಲಿಸುವುದುಂಟು. ವಿಳಾಸ ಉಳಿದಿದ್ದರೆ ಅದನ್ನು ಅಕ್ಷರ ಬಿಡದೆ ಎತ್ತಿ ಬರೆಯಿರಿ. ಧಾರವಾಡ ಮುಂಬಯಿ ಪ್ರಾಂತದಲ್ಲೂ ಮಂಗಳೂರು ಮದ್ರಾಸಿನಲ್ಲೂ ಇದ್ದದ್ದು 1956ರ ನವೆಂಬರ್ 1ರವರೆಗೆ. ‘ಮೈಸೂರು ರಾಜ್ಯ’ ಎಂಬ ಹೆಸರು 1973ರ ನವೆಂಬರ್ 1ಕ್ಕೆ ಮುಗಿಯಿತು. ಆರಂಕಿಯ ಪಿನ್ ಕೋಡ್ 1972ರ ಆಗಸ್ಟ್ 15ಕ್ಕಿಂತ ಮೊದಲು ಇರಲು ಸಾಧ್ಯವಿಲ್ಲ. ಹೀಗೆ ಇಸವಿಯೇ ಇಲ್ಲದ ಪಟ್ಟಿಯೂ ಕೆಲವೇ ವರ್ಷಗಳ ಅಂತರಕ್ಕೆ ಬಂದು ನಿಲ್ಲುತ್ತದೆ.

ಪುಸ್ತಕದ ಕೊನೆಯ ಜಾಹೀರಾತು ಪುಟಗಳಿಗೆ ಬೇರೆ ಹೆಸರೇ ಬೇಕು, ಏಕೆಂದರೆ ಅವು ಹುಟ್ಟುವ ಬಗೆ ಬೇರೆ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಸಾಮಾನ್ಯವಾಗಿ ಫಾರಮಿಗೆ 16 ಪುಟ. ಮುನ್ನುಡಿ, ಅರಿಕೆ ಸೇರಿ 186 ಪುಟವಾದರೆ 12 ಫಾರಂ ಬೇಕು, ಅಂದರೆ 192 ಪುಟ. ಮಿಕ್ಕ 6 ಪುಟ ಖಾಲಿ ಬಿಡುವ ಬದಲು ‘ನಮ್ಮ ಇತರ ಪ್ರಕಟಣೆಗಳು’ ಬರುತ್ತದೆ. ಇದು ಪುಸ್ತಕದ ಜೊತೆಗೇ ಅದೇ ಕಾಗದದಲ್ಲಿ ಅಚ್ಚಾದದ್ದು. ಆದ್ದರಿಂದ ಅದರ ಕಾಲವೂ ಆ ಮುದ್ರಣದ ಕಾಲವೇ. ಇದನ್ನು ‘ಕೊನೆಪುಟದ ಜಾಹೀರಾತು’ ಎಂದು ಕರೆದು ಪುಸ್ತಕದ ವಿವರದಲ್ಲೇ ಬರೆಯಿರಿ. ಸಂಗ್ರಹಕ್ಕೆಂದು ಆ ಹಾಳೆಯನ್ನು ಕತ್ತರಿಸಿ ತೆಗೆಯುವುದು ಪುಸ್ತಕಕ್ಕೂ ಜಾಹೀರಾತಿಗೂ ದ್ರೋಹ: ಹೊಲಿಗೆಯ ಇನ್ನೊಂದು ತುದಿಯ ಹಾಳೆ ಸಡಿಲವಾಗಿ ಉದುರುತ್ತದೆ, ಕಿತ್ತ ಹಾಳೆಗೆ ತಾನು ಯಾವ ಮುದ್ರಣದ್ದೆಂಬ ಗುರುತೇ ಉಳಿಯುವುದಿಲ್ಲ. ರಟ್ಟಿನ ಹಿಂಬದಿಯ ಪಟ್ಟಿಯನ್ನು ಮಾತ್ರ ಇಷ್ಟು ನಂಬಬೇಡಿ. ಅಚ್ಚಾದ ಫಾರಂಗಳನ್ನು ಕಟ್ಟಿಟ್ಟು ಬೇಡಿಕೆ ಬಂದಂತೆ ಬೈಂಡ್ ಮಾಡಿಸುವ ಪದ್ಧತಿ ಇತ್ತು. ಆಗ ಹೊದಿಕೆ ಒಳಪುಟಗಳಿಗಿಂತ ಒಂದೆರಡು ವರ್ಷ ಈಚಿನದಾಗಿರಬಹುದು. ಒಳಗಿಟ್ಟ ಬಿಡಿ ಚೀಟಿಯಂತೂ ಮಾರುವ ದಿನ ಇಟ್ಟದ್ದಿರಬಹುದು.

ಪಟ್ಟಿಯಲ್ಲಿ ‘ಅಚ್ಚಿನಲ್ಲಿ’ ಎಂದಿರುವ ಪುಸ್ತಕಗಳ ವಿಷಯದಲ್ಲಿ ಎಚ್ಚರ. ಆ ಮಾತಿಗೆ ಅಕ್ಷರಶಃ ಅರ್ಥ ಮುದ್ರಣ ನಡೆಯುತ್ತಿದೆ ಎಂದು. ಪ್ರಕಾಶಕರ ಬಳಕೆಯಲ್ಲಿ ಅದು ‘ತರಬೇಕೆಂದಿದ್ದೇವೆ’ ಎಂಬುವವರೆಗೂ ಹಿಗ್ಗುತ್ತದೆ. ಕಾಗದ ಸಿಗಲಿಲ್ಲ, ಲೇಖಕರು ಹಸ್ತಪ್ರತಿ ಕೊಡಲಿಲ್ಲ, ಕೊನೆಗೆ ಬೇರೆ ಹೆಸರಿನಲ್ಲಿ ಬಂತು, ಹೀಗೆ ಏನೂ ಆಗಿರಬಹುದು. ಪ್ರತಿಯನ್ನು ಕಣ್ಣಾರೆ ನೋಡದೆ ಆ ಹೆಸರನ್ನು ಗ್ರಂಥಸೂಚಿಗೆ ಏರಿಸಿದರೆ ಇಲ್ಲದ ಪುಸ್ತಕವೊಂದು ಹುಟ್ಟಿಬಿಡುತ್ತದೆ. ‘ಸಾದಾ ಪ್ರತಿ’, ‘ಕ್ಯಾಲಿಕೊ ಪ್ರತಿ’ ಎಂಬ ಜೋಡಿ ಬೆಲೆಗಳನ್ನೂ ಎರಡು ಆವೃತ್ತಿ ಎಂದು ಎಣಿಸಬೇಡಿ. ಒಳಗಿನ ಅಚ್ಚು ಒಂದೇ, ಹೊದಿಕೆ ಮಾತ್ರ ಬೇರೆ: ಕ್ಯಾಲಿಕೊ ಎಂದರೆ ರಟ್ಟಿಗೆ ಹತ್ತಿ ಬಟ್ಟೆ ಹೊದಿಸಿದ್ದು.

ರಕ್ಷಾಪುಟ: ಮಾತಿನ ಅರ್ಥ ನೋಡಿದರೆ ಪುಸ್ತಕವನ್ನು ಕಾಯುವ, ಬಿಚ್ಚಿ ತೆಗೆಯಬಹುದಾದ ಮೇಲುಹೊದಿಕೆ. ಬಳಕೆಯಲ್ಲಿ ಅದು ಸಾದಾ ಬೈಂಡಿನ ಹೊರಪುಟಕ್ಕೂ ಸಲ್ಲುತ್ತಿದೆ, ಮುಖಪುಟ ಎಂಬುದಕ್ಕೆ ಸಮನಾಗಿ. ಇದನ್ನು ಈಗ ತಿದ್ದಲು ಹೋಗುವುದು ವ್ಯರ್ಥ. ಸಂಗ್ರಾಹಕನಿಗೆ ಬೇಕಾದದ್ದು ಬಿಚ್ಚಬಹುದೇ ಇಲ್ಲವೇ ಎಂಬ ಒಂದೇ ವಿವರ. ಬಿಚ್ಚಬಹುದಾದರೆ ‘ಜಾಕೆಟ್’ ಎಂದು ಬರೆಯಿರಿ, ಪುಸ್ತಕದಂಗಡಿಯವರಿಗೂ ತಿಳಿಯುತ್ತದೆ. ಒಳಮಡಿಕೆಯ ಮೂಲೆ ಕತ್ತರಿಸಿದ್ದರೆ ಅದನ್ನೂ ಹೇಳಿ, ಉಡುಗೊರೆ ಕೊಡುವವರು ಬೆಲೆ ತೆಗೆಯುತ್ತಿದ್ದುದು ಅಲ್ಲಿಂದಲೇ.

ಈಗ ಒಟ್ಟು ಹೆಸರು. ‘ಕ್ಷಣಿಕ’ ಬೇಡವೇ ಬೇಡ. ಕನ್ನಡದಲ್ಲಿ ಆ ಮಾತಿಗೆ ವೈರಾಗ್ಯದ ಭಾರವಿದೆ, ಜೊತೆಗೆ ‘ಸಾಹಿತ್ಯ’ ಸೇರಿದರೆ ಕಳಪೆ ಕಾದಂಬರಿಯ ವಿಮರ್ಶೆಯಂತೆ ಕೇಳಿಸುತ್ತದೆ. ಗೋಡೆ ಕ್ಯಾಲೆಂಡರು ವರ್ಷ ಬಾಳುತ್ತದೆ, ಬೆಲೆಪಟ್ಟಿ ಎರಡು ವರ್ಷವೂ ನಡೆಯುತ್ತದೆ. ಆಯುಸ್ಸಿನ ಮೇಲೆ ಹೆಸರಿಡುವುದೇ ನಮಗೆ ಒಗ್ಗುವುದಿಲ್ಲ. ಮುದ್ರಣದವರಲ್ಲಿ ಈ ವಿಂಗಡಣೆ ಮೊದಲಿನಿಂದಲೂ ಇದೆ: ಪುಸ್ತಕ ಅಚ್ಚು ಮಾಡುವುದು ‘ಬುಕ್ ವರ್ಕ್’, ಚೀಟಿ, ಲಗ್ನಪತ್ರಿಕೆ, ರಸೀದಿ, ಕರಪತ್ರ ಎಲ್ಲ ‘ಜಾಬ್ ವರ್ಕ್’, ಕಾಲಿನಿಂದ ತುಳಿದು ನಡೆಸುವ ಸಣ್ಣ ಟ್ರೆಡಲ್ ಯಂತ್ರದ ಕೆಲಸವಾಗಿತ್ತು. ಇದೇ ಜಾಡಿನಲ್ಲಿ ‘ಬಿಡಿ ಅಚ್ಚು’ ಎನ್ನಬಹುದು. ಪತ್ರಿಕೆಗಳ ಮೇಲಿನ ‘ಬಿಡಿ ಪ್ರತಿ’ಯಿಂದ ಬಿಡಿ ಎಂಬುದು ಓದುಗರ ಕಿವಿಗೆ ಪಳಗಿದ ಮಾತು. ಪ್ರಕಾಶಕರದ್ದಾದರೆ ‘ಪ್ರಕಾಶಕರ ಬಿಡಿ ಅಚ್ಚು’.

ಮತ್ತೊಂದು ಉತ್ತರ

ಬೆಲೆ, ಕೊನೆಪುಟಗಳ ವಿಚಾರದಲ್ಲಿ ಹಿರಿಯರ ಮಾತು ಒಪ್ಪಿಗೆ. ‘ಬಿಡಿ ಅಚ್ಚು’ ಮಾತ್ರ ತೊಡಕು ಮಾಡುತ್ತದೆ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವರಿಗೆ ಅದು ಬಿಡಿ ಅಚ್ಚುಮೊಳೆಯಂತೆ ಕೇಳಿಸುತ್ತದೆ. ವಿದ್ವತ್ ಪತ್ರಿಕೆಗಳ ಲೇಖನವನ್ನು ಪ್ರತ್ಯೇಕವಾಗಿ ತೆಗೆದ ಪ್ರತಿಗೂ ಅದೇ ಹೆಸರು ಹೊಂದುತ್ತದೆ. ‘ಬಿಡಿಗಾಗದ’ ಎಂದರೆ ಈ ಎರಡು ಗೊಂದಲವೂ ಇಲ್ಲ. ಮಡಿಸಿದ ಎಂಟು ಪುಟದ ಪಟ್ಟಿಯೂ ಅದರೊಳಗೆ ಬರುತ್ತದೆ, ಕೈಬರಹದ ಆರ್ಡರ್ ಕಾರ್ಡೂ ಬರುತ್ತದೆ. ‘ಚಿಲ್ಲರೆ’ಯಲ್ಲಿ ತಾತ್ಸಾರವಿದೆ, ಬೇಡ.

ತಲೆಬರಹ ಯಾವುದೇ ಇರಲಿ, ಅದರ ಕೆಳಗೆ ಪ್ರತಿ ಕಾಗದಕ್ಕೂ ಅದರದೇ ಹೆಸರಿರಬೇಕು. ಕರಪತ್ರ ಎಂದರೆ ಕೈಯಲ್ಲಿ ಹಂಚಿದ್ದು. ಸಂಸ್ಕೃತ ನಿಘಂಟಿನಲ್ಲಿ ಇದೇ ಪದಕ್ಕೆ ಗರಗಸ ಎಂದರ್ಥ, ಹಳೆಯ ಗ್ರಂಥಗಳಲ್ಲಿ ಪದ ಹುಡುಕುವವರು ಗಮನಿಸಿ. ಅಂಚೆಯಲ್ಲಿ ಬಂದದ್ದನ್ನು, ಪುಸ್ತಕದೊಳಗೆ ಇಟ್ಟದ್ದನ್ನು ಕರಪತ್ರ ಎನ್ನಬಾರದು. ಮೊದಲನೆಯದು ‘ಅಂಚೆ ಪ್ರಕಟಣೆ’, ಎರಡನೆಯದು ‘ಒಳಚೀಟಿ’. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯಂತೆ ಚಂದಾದಾರರನ್ನು ನೆಚ್ಚಿ ನಡೆದ ಮಾಲೆಗಳ ಮಟ್ಟಿಗೆ ಈ ಭೇದ ಮುಖ್ಯ. ಚಂದಾದಾರನಿಗೆ ಹೋದ ಕಾಗದ ಬೇರೆ, ಬೀದಿಯಲ್ಲಿ ಹಂಚುವುದು ಬೇರೆ. ಮಂಗಳೂರಿನ ಬಾಸೆಲ್ ಮಿಶನ್ನಿನ ಟ್ರ್ಯಾಕ್ಟುಗಳನ್ನು, ಅಂದರೆ ಕ್ರೈಸ್ತ ಧರ್ಮಪ್ರಚಾರದ ಕಿರುಹೊತ್ತಗೆಗಳನ್ನು, ಈ ಗುಂಪಿಗೆ ತರಬೇಡಿ. ಅವು ಎಷ್ಟೇ ತೆಳುವಾಗಿದ್ದರೂ ಓದಲೆಂದೇ ಪ್ರಕಟಿಸಿದ ಪುಸ್ತಿಕೆಗಳು.

ಒಳಚೀಟಿ ಸಿಕ್ಕಾಗ ಮೊದಲು ಅದು ಯಾವ ಎರಡು ಪುಟಗಳ ನಡುವೆ ಇತ್ತೆಂದು ಬರೆದುಕೊಂಡು ಆಮೇಲೆ ತೆಗೆಯಿರಿ. ಅಗ್ಗದ ಕಾಗದದ ಆಮ್ಲ ಎದುರು ಪುಟಕ್ಕೆ ಇಳಿದು ಚೀಟಿಯ ಅಳತೆಗೇ ಕಂದು ನೆರಳು ಬಿದ್ದಿರುತ್ತದೆ. ನೆರಳೂ ಚೀಟಿಯೂ ತಾಳೆಯಾದರೆ ಅದು ಬಹುಕಾಲ ಅಲ್ಲಿಯೇ ಇತ್ತೆಂದು ಧೈರ್ಯವಾಗಿ ಹೇಳಬಹುದು. ತಾಳೆಯಾಗದಿದ್ದರೆ ಯಾರೋ ಓದುಗರು ಬೇರೆ ಪುಸ್ತಕದಿಂದ ತಂದಿಟ್ಟಿರಬಹುದು. ಅಳತೆ ಮಿಲಿಮೀಟರಿನಲ್ಲಿ, ಎತ್ತರ ಮೊದಲು. ಹಿಂಬದಿ ಖಾಲಿ ಇದ್ದರೂ ಎರಡೂ ಬದಿ ಸ್ಕ್ಯಾನ್ ಮಾಡಿ, ಇಂಚಿಗೆ 600 ಬಿಂದುಗಳಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆದರೆ ಕಾಗದ ಹರಿಯುತ್ತದೆ. ಕೆಳಗೊಂದು ತೆಳು ಪ್ಲಾಸ್ಟಿಕ್ ತುಂಡು ತೂರಿಸಿ ಕಾಗದದಿಂದ ಎತ್ತಿ ಬಿಡಿಸಿ. ಸೆಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ. ಪಿವಿಸಿ ಲಕೋಟೆ ಕೆಲವು ವರ್ಷಗಳಲ್ಲಿ ಅಂಟಂಟಾಗಿ ಮಸಿಯನ್ನು ಎತ್ತಿಕೊಳ್ಳುತ್ತದೆ, ಪಾಲಿಯೆಸ್ಟರ್ ಹಾಳೆಯ ಲಕೋಟೆಯನ್ನೇ ಕೇಳಿ ತನ್ನಿ. ಪೆನ್ಸಿಲಿನಲ್ಲಿ ಸಂಖ್ಯೆ ಬರೆಯುವುದು ಲಕೋಟೆಯೊಳಗಿಟ್ಟ ಬೇರೆ ಚೀಟಿಯ ಮೇಲೆ.